ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸ್ವಂತ ದುಡ್ಡಿನಲ್ಲಿ ಸಿನಿಮಾ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆ ಕೇಳುವವರು ಒಂದೇ ತರಹದ ಜನ ಅಲ್ಲ. ಧಾರವಾಡದಲ್ಲಿ ನಾಟಕ ಮಾಡುತ್ತ ಬೆಳೆದವರಿದ್ದಾರೆ. ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಮಾಡುತ್ತಲೇ ತಲೆಯಲ್ಲೊಂದು ಕಥೆ ಹೊತ್ತು ತಿರುಗುವವರಿದ್ದಾರೆ. ಗದಗ, ಹಾವೇರಿಯ ಕಾಲೇಜು ಹುಡುಗ-ಹುಡುಗಿಯರಿದ್ದಾರೆ. ಎಲ್ಲರದೂ ಸ್ವಂತ ದುಡ್ಡು, ಇಲ್ಲವೆ ಗೆಳೆಯರು ಕೂಡಿಸಿ ಕೊಟ್ಟ ದುಡ್ಡು. ಅದಕ್ಕೇ ಇಲ್ಲಿನ ಉತ್ತರಗಳು ಕಡಿಮೆ ಖರ್ಚಿನ ಕಡೆ ವಾಲಿವೆ. ಇನ್ನೊಂದು ಕಡೆಗೂ ವಾಲಿವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಕ್ಯಾಮೆರಾಕ್ಕಿಂತ ಮೊದಲು ಮೈಕು.

ಸಿನಿಮಾ ಮಾಡಾಕ ಯಾವ ಕ್ಯಾಮೆರಾ ತಗೋಬೇಕ್ರಿ?

ಮೊದಲ ಸಿನಿಮಾಕ್ಕೆ ಯಾವುದನ್ನೂ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಚಿತ್ರೀಕರಣ ನಡೆಯುವುದು ಕೆಲವು ವಾರ, ಆಮೇಲೆ ಕ್ಯಾಮೆರಾ ಕಪಾಟಿನಲ್ಲಿ ಕೂತು ಹಳೆಯದಾಗುತ್ತದೆ. ಅದಕ್ಕೆ ಹಾಕುವ ದುಡ್ಡು ಧ್ವನಿಗೆ, ಊಟಕ್ಕೆ, ಇನ್ನೆರಡು ದಿನ ಹೆಚ್ಚು ಚಿತ್ರೀಕರಣಕ್ಕೆ ಆಗುತ್ತದೆ.

ಬಾಡಿಗೆ ಎಂದ ತಕ್ಷಣ ಬೆಂಗಳೂರಿಗೆ ಫೋನ್ ಮಾಡಬೇಕಿಲ್ಲ. ನಮ್ಮ ಕಡೆ ಮದುವೆ ವಿಡಿಯೋ ಮಾಡುವವರ ಹತ್ತಿರ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾ, ಲೆನ್ಸು, ಗಿಂಬಲ್ (ಕೈ ಅಲುಗಿದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಎಲ್ಲ ಇವೆ. ಲಗ್ನದ ಹಂಗಾಮಿನಲ್ಲಿ ಅವು ಕೈಗೆ ಸಿಗುವುದಿಲ್ಲ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಅಧಿಕ ಮಾಸದಲ್ಲಿ ಮುಹೂರ್ತಗಳಿಲ್ಲ, ಸಾಮಾನೂ ಖಾಲಿ, ಮಾಲೀಕರೂ ಖಾಲಿ. ಕಥೆಗೆ ಮೋಡ, ಮಳೆ, ಹಸಿರು ಹೊಂದುವುದಾದರೆ ಆಷಾಢಕ್ಕಿಂತ ಒಳ್ಳೆಯ ತಿಂಗಳಿಲ್ಲ. ಕ್ಯಾಮೆರಾದ ಜೊತೆ ಅದರ ಮಾಲೀಕರನ್ನೂ ತಂಡಕ್ಕೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ತಮ್ಮ ಕ್ಯಾಮೆರಾ ಯಾವ ಬಿಸಿಲಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹೆಸರು ಹೇಳಲೇಬೇಕೆಂದರೆ: ಸೋನಿ ಎಫ್‌ಎಕ್ಸ್3 (2021) ಫುಲ್ ಫ್ರೇಮ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದು, ಕತ್ತಲಲ್ಲಿ ಬಲ ಹೆಚ್ಚು, ಎಸ್-ಲಾಗ್3ರಲ್ಲಿ (ಸೋನಿಯ ಲಾಗ್, ಲಾಗ್ ಎಂದರೇನು ಎಂಬುದು ಕೆಳಗಿದೆ) ಅದರ ಎರಡು ಮೂಲ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 800 ಮತ್ತು 12,800. ಎಫ್‌ಎಕ್ಸ್30 (2022) ಅದರ ತಮ್ಮ. ಸೆನ್ಸರ್ ಸೂಪರ್ 35 ಅಳತೆಯದು, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕದು, ಮೂಲ ಐಎಸ್‌ಒ 800 ಮತ್ತು 2500, ಬೆಲೆ ಸಾಕಷ್ಟು ಕಡಿಮೆ. ಪ್ಯಾನಸೋನಿಕ್ ಲುಮಿಕ್ಸ್ ಎಸ್5 ಮಾರ್ಕ್ 2 (2023) ಕೂಡ ಈ ಸಾಲಿನದೇ. ಹಗಲಿನ ದೃಶ್ಯಗಳೇ ಹೆಚ್ಚಿರುವ ಹಳ್ಳಿಯ ಕಥೆಗೆ ನಾನು ಎಫ್‌ಎಕ್ಸ್30 ಹೇಳುತ್ತೇನೆ. ಕಂದೀಲಿನ ಬೆಳಕಿನ ದೃಶ್ಯಗಳು ಬಹಳ ಇದ್ದರೆ ಎಫ್‌ಎಕ್ಸ್3.

6ಕೆ, 8ಕೆ ಬೇಕಾ?

ಬೇಡ. ಕೆ ಎಂದರೆ ಚಿತ್ರದ ಅಗಲದಲ್ಲಿ ಸುಮಾರು ಎಷ್ಟು ಸಾವಿರ ಚುಕ್ಕಿ ಎಂಬ ಲೆಕ್ಕ. ಹೆಚ್ಚಿನ ಚಿತ್ರಮಂದಿರಗಳು ತೋರಿಸುವುದೇ 2ಕೆ. ದೊಡ್ಡ ದೊಡ್ಡ ಸಿನಿಮಾಗಳಿಗೆ ಬಳಕೆಯಾದ ಆರಿ ಅಲೆಕ್ಸಾ 2010ರಲ್ಲಿ ಬಂದಾಗ ಅದರ ರೆಸಲ್ಯೂಶನ್ 3ಕೆಗೂ ಕಡಿಮೆ ಇತ್ತು. 4ಕೆಯಲ್ಲಿ ತೆಗೆದು 2ಕೆಯಲ್ಲಿ ಮುಗಿಸಿದರೆ ಎಡಿಟಿಂಗ್‌ನಲ್ಲಿ ಚೌಕಟ್ಟು ಸ್ವಲ್ಪ ಸರಿಸಲು ಜಾಗವೂ ಉಳಿಯುತ್ತದೆ.

ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 4ಕೆ ಸೆಕೆಂಡ್ ಹ್ಯಾಂಡ್ ಸಿಗಾಕತ್ತೈತಿ, ತಗೋಬಹುದೇನ್ರಿ?

2018ರ ಕ್ಯಾಮೆರಾ, ಆದರೂ ಅದರ ಚಿತ್ರ ಇವತ್ತಿಗೂ ಚೆಂದ. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ (ಸೂಪರ್ 35ಕ್ಕಿಂತಲೂ ಚಿಕ್ಕದು), 13 ಸ್ಟಾಪ್ ಡೈನಮಿಕ್ ರೇಂಜ್ (ಬಿಸಿಲು-ನೆರಳಿನ ಎಷ್ಟು ಅಂತರ ಹಿಡಿಯುತ್ತದೆ ಎಂಬ ಲೆಕ್ಕ; ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು), ಒಳಗೇ ರಾ ಮುದ್ರಣ (ಸೆನ್ಸರ್ ಕಂಡದ್ದನ್ನು ಹೆಚ್ಚು ಬದಲಿಸದೆ ಇಡುವುದು). ಕೊಳ್ಳುವ ಮುಂಚೆ ಇಷ್ಟು ತಿಳಿದಿರಲಿ: ಬ್ಯಾಟರಿ ಒಂದು ತಾಸೂ ಬರುವುದಿಲ್ಲ, ಹೊರಗಿನಿಂದ ದೊಡ್ಡ ಬ್ಯಾಟರಿ ಕಟ್ಟಲೇಬೇಕು. ಓಡಾಡುವವರ ಹಿಂದೆ ತಾನಾಗಿ ಫೋಕಸ್ ಹೋಗುವುದಿಲ್ಲ, ಫೋಕಸ್ ಎಳೆಯಲು ಒಬ್ಬರು ಬೇಕು. ಯುಎಸ್‌ಬಿ-ಸಿ ಎಸ್‌ಎಸ್‌ಡಿಗೆ ನೇರ ಮುದ್ರಿಸಬಹುದು, ದುಬಾರಿ ಕಾರ್ಡಿನ ಖರ್ಚು ಉಳಿಯುತ್ತದೆ. ಆದರೆ ಕೇಬಲ್ ಅಲುಗಿದರೆ ಮುದ್ರಣ ನಿಲ್ಲುತ್ತದೆ, ಕೇಜ್ (ಕ್ಯಾಮೆರಾ ಸುತ್ತ ಕೂಡಿಸುವ ಲೋಹದ ಚೌಕಟ್ಟು) ಹಾಕಿ ಕ್ಲ್ಯಾಂಪ್‌ನಿಂದ ಬಿಗಿಯಿರಿ.

ಇನ್ನೊಂದು, ನಮ್ಮ ಬಿಸಿಲಿಗೆ ಸಂಬಂಧಿಸಿದ್ದು. ಮಧ್ಯಾಹ್ನ ಬೆಳಕು ತಗ್ಗಿಸುವ ದಟ್ಟ ಎನ್‌ಡಿ ಫಿಲ್ಟರ್ ಹಾಕಿದಾಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೆನ್ಸರ್‌ಗೆ ನುಗ್ಗಿ, ಕಪ್ಪು ಸಿಂಥೆಟಿಕ್ ಪ್ಯಾಂಟು, ಕೋಟು ಕಂದು ಬಣ್ಣಕ್ಕೆ ತಿರುಗುತ್ತವೆ. ಐಆರ್ ತಡೆಯುವ ಎನ್‌ಡಿ ತೆಗೆದುಕೊಳ್ಳಿ. ಮತ್ತೆ, ಈ ಕ್ಯಾಮೆರಾದ ಜೊತೆ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಲೈಸೆನ್ಸ್ ಬರುತ್ತಿತ್ತು. ಹಳೆಯ ಮಾಲೀಕರು ಅದನ್ನು ತಾವು ಬಳಸುತ್ತಿದ್ದಾರೋ, ನಿಮಗೆ ಕೊಡುತ್ತಾರೋ ಕೇಳಿಯೇ ಬೆಲೆ ಮಾತಾಡಿ.

ಫೋನ್‌ನ್ಯಾಗ ಮಾಡಿದ್ರ ನಡೀತೈತಿ?

ನಡೆಯುತ್ತದೆ. ಐಫೋನ್ 15 ಪ್ರೊದಿಂದ (2023) ಲಾಗ್ ಮುದ್ರಣ ಬಂದಿದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, 2024ರಿಂದ ಆಂಡ್ರಾಯ್ಡ್‌ಗೂ ಇದೆ. ಶಟರ್, ಐಎಸ್‌ಒ, ವೈಟ್ ಬ್ಯಾಲನ್ಸ್ ಎಲ್ಲ ನಿಮ್ಮ ಕೈಯಲ್ಲಿ. ಫೋನಿನ ಕಷ್ಟ ರಾತ್ರಿ ಮತ್ತು ಬಿಸಿ. ಏಪ್ರಿಲ್ ಬಿಸಿಲಲ್ಲಿ ಫೋನ್ ಕಾಯ್ದು ಪರದೆ ಮಂಕಾಗುತ್ತದೆ, ಆಮೇಲೆ ಆ್ಯಪ್ ನಿಲ್ಲುತ್ತದೆ. ನೆರಳು ಹಿಡಿಯಲು ಒಬ್ಬರನ್ನು ನಿಲ್ಲಿಸಿ. ಫೋನಿನ ಮೈಕನ್ನು ಮಾತ್ರ ನಂಬಬೇಡಿ.

10 ಬಿಟ್, 4:2:2, ಲಾಗ್ ಅಂತಾರಲ್ಲ, ಅದರಿಂದ ಏನು ಫರಕು?

ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಒಂದು ಶಾಟ್ ತೆಗೆದರೆ ಫರಕು ಕಣ್ಣಿಗೇ ಕಾಣುತ್ತದೆ. ಡಬ್ಬಿ ಮೆಣಸಿನಕಾಯಿಯ ರಾಶಿ, ಮೇಲೆ ಬೆಳಗಿನ ಓರೆ ಬಿಸಿಲು. ಕಣ್ಣಿಗೆ ಒಂದೊಂದು ಕಾಯಿಯ ಸುಕ್ಕೂ ಕಾಣುತ್ತದೆ. ಕ್ಯಾಮೆರಾದ ಹಿಸ್ಟೊಗ್ರಾಮ್ (ಬೆಳಕು ಹೆಚ್ಚೋ ಕಡಿಮೆಯೋ ತೋರಿಸುವ ನಕ್ಷೆ) ಕೂಡ ಎಲ್ಲ ಸರಿ ಇದೆ ಎನ್ನುತ್ತದೆ. ಮನೆಗೆ ಬಂದು ತೆರೆದರೆ ರಾಶಿಯ ಜಾಗದಲ್ಲಿ ಕೆಂಪು ಬಣ್ಣ ಮೆತ್ತಿದ ಗೋಡೆ, ಸುಕ್ಕೂ ಇಲ್ಲ, ತೊಟ್ಟೂ ಇಲ್ಲ. ಕಾರಣ ಇಷ್ಟೆ: ಹಿಸ್ಟೊಗ್ರಾಮ್ ಒಟ್ಟು ಬೆಳಕನ್ನು ಅಳೆಯಿತು. ಹಸಿರು, ನೀಲಿ ಚಾನೆಲ್‌ಗಳಲ್ಲಿ ಏನೂ ಇಲ್ಲದ್ದರಿಂದ ಸರಾಸರಿ ಕಡಿಮೆ ಬಂತು, ಆದರೆ ಕೆಂಪು ಚಾನೆಲ್ ಒಂದೇ ತುಂಬಿ ಉಕ್ಕಿಹೋಗಿತ್ತು. ಹಾಗೆ ಉಕ್ಕಿದ್ದು ಯಾವ ಸಾಫ್ಟ್‌ವೇರ್‌ನಿಂದಲೂ ಮರಳಿ ಬರುವುದಿಲ್ಲ. ಮೂರೂ ಬಣ್ಣ ಬೇರೆ ಬೇರೆ ತೋರಿಸುವ ಆರ್‌ಜಿಬಿ ಪೆರೇಡ್ ನೋಡಿ ಎಕ್ಸ್‌ಪೋಸ್ ಮಾಡಿ. ಅದು ಇಲ್ಲದ ಕ್ಯಾಮೆರಾದಲ್ಲಿ ಒಂದು ಸ್ಟಾಪ್ ಇಳಿಸಿ ಇನ್ನೊಂದು ಟೇಕ್ ತೆಗೆದಿಟ್ಟುಕೊಳ್ಳಿ.

ಈಗ ಬಿಟ್ ವಿಷಯ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಲಾಗ್ ಎಂದರೆ ಬಿಸಿಲು-ನೆರಳಿನ ದೊಡ್ಡ ಅಂತರವನ್ನು ಒತ್ತಿ ಚಿಕ್ಕ ಜಾಗದಲ್ಲಿ ಮಡಚಿ ಇಡುವುದು. ಗ್ರೇಡಿಂಗ್‌ನಲ್ಲಿ, ಅಂದರೆ ಬಣ್ಣ ತಿದ್ದುವಾಗ, ಅದನ್ನು ಬಿಚ್ಚಿ ಎಳೆದಾಗ 256 ಮೆಟ್ಟಿಲು ಸಾಲದೆ ಆಕಾಶದಲ್ಲಿ ಪಟ್ಟೆ ಬೀಳುತ್ತವೆ. ಅದಕ್ಕೆ 8 ಬಿಟ್‌ನಲ್ಲಿ ಲಾಗ್ ಬೇಡವೇ ಬೇಡ. 4:2:0ಯಲ್ಲಿ ಬಣ್ಣದ ಮಾಹಿತಿ ಕಾಲು ಭಾಗ, 4:2:2ರಲ್ಲಿ ಅರ್ಧ ಉಳಿಯುತ್ತದೆ. ಎರೆ ಹೊಲದ ಕಪ್ಪು ಮಣ್ಣಿನ ಎದುರು ಕೆಂಪು ಸೀರೆ ಉಟ್ಟವರು ನಡೆದರೆ 4:2:0ಯಲ್ಲಿ ಸೆರಗಿನ ಅಂಚು ಗರಗಸದಂತೆ ಒಡೆದು ಕಾಣುವುದು ಇದೇ ಕಾರಣಕ್ಕೆ.

ಮಾರುಕಟ್ಟೆಯಲ್ಲಿ ಚಿತ್ರೀಕರಿಸುವುದಾದರೆ ಎಪಿಎಂಸಿ ಕಾರ್ಯದರ್ಶಿಗಳನ್ನು ಮೊದಲೇ ಕಂಡು ಒಪ್ಪಿಗೆ ಪಡೆಯಿರಿ. ಅಲ್ಲಿ ಲೆನ್ಸ್ ಬದಲಿಸಬೇಡಿ, ಖಾರದ ಧೂಳು ಸೆನ್ಸರ್ ಮೇಲೆ ಕೂರುತ್ತದೆ. ನಟರಿಗೆ ಕೆಮ್ಮು ಬರುತ್ತದೆ, ಮಾತಿನ ದೃಶ್ಯವನ್ನು ಅಂಗಳದ ಹೊರಗೆ ಇಟ್ಟುಕೊಳ್ಳಿ.

ಟ್ಯೂಬ್‌ಲೈಟ್ ಕೆಳಗ ವಿಡಿಯೋ ಮಿಣುಕತೈತಿ. 24 ಇಡ್ಬೇಕೋ 25 ಇಡ್ಬೇಕೋ?

ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50ಕ್ಕೆ ಇಟ್ಟರೆ ಮಿಣುಕು ನಿಲ್ಲುತ್ತದೆ. ಚಿತ್ರಮಂದಿರಕ್ಕೆ ಹೋಗುವ ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನಲ್ಲಿರಲಿ, ಶಟರ್ ಮಾತ್ರ 1/50. ಕ್ಯಾಮೆರಾ ಡಿಗ್ರಿ ಲೆಕ್ಕದಲ್ಲಿ ಕೇಳಿದರೆ 172.8. ಅಗ್ಗದ ಎಲ್‌ಇಡಿ ಬಲ್ಬುಗಳು ಕೆಲವೊಮ್ಮೆ ಇದಕ್ಕೂ ಬಗ್ಗುವುದಿಲ್ಲ. ಲೊಕೇಶನ್ ನೋಡಲು ಹೋದಾಗಲೇ ಹತ್ತು ಸೆಕೆಂಡ್ ತೆಗೆದು ನೋಡಿ, ಮಿಣುಕಿದರೆ ಬಲ್ಬು ಬದಲಿಸಿ.

ಡಬ್ಬಿಂಗ್ ಮಾಡಿದ್ರಾತು ಬಿಡ್ರಿ, ಸಿಂಕ್ ಸೌಂಡ್ ಯಾಕ ಬೇಕು?

ಸಿಂಕ್ ಸೌಂಡ್ ಎಂದರೆ ಚಿತ್ರೀಕರಣದ ಜಾಗದಲ್ಲೇ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು. ಈ ಪ್ರಶ್ನೆಗೆ ಎಷ್ಟು ಉದ್ದ ಉತ್ತರ ಬರೆದರೂ ನನಗೆ ಕಡಿಮೆಯೇ.

ಚಿತ್ರ ಸ್ವಲ್ಪ ಮಂಕಾಗಿದ್ದರೂ ಕಥೆ ಹಿಡಿದರೆ ಜನ ಕೂತು ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಇದು ಎಲ್ಲ ಸಿನಿಮಾಕ್ಕೂ ಸಲ್ಲುವ ಮಾತು. ನಮ್ಮ ಕಡೆಯ ಸಿನಿಮಾಕ್ಕೆ ಇನ್ನೂ ದೊಡ್ಡ ಕಾರಣವಿದೆ. ಉತ್ತರ ಕರ್ನಾಟಕದ ಮಾತು ಎಷ್ಟೋ ಸಿನಿಮಾಗಳಲ್ಲಿ ನಗಿಸುವ ಪಾತ್ರದ ಬಾಯಿಗಷ್ಟೇ ಸಿಕ್ಕಿತು, ಅದೂ ಕಲಿತು ಆಡಿದ ಮಾತು. ಇಲ್ಲಿ ಕಥೆ ಮಾಡುವವರ ಕೈಯಲ್ಲಿ ಬೆಂಗಳೂರಿನ ದೊಡ್ಡ ಬಜೆಟ್ಟಿಗೂ ಸಿಗದ ಒಂದು ಸಂಪತ್ತಿದೆ: ಹುಟ್ಟಿದಾಗಿನಿಂದ ಆ ಮಾತು ಆಡಿದ ಬಾಯಿಗಳು. ಗದಗದವರ ಎಳೆತ ಬೇರೆ, ರಾಣೆಬೆನ್ನೂರು ಕಡೆಯವರ ಎಳೆತ ಬೇರೆ. ಅಜ್ಜಿ ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಅರ್ಧ ನುಂಗಿ ಆಡುವ ಮಾತು, ಕಟ್ಟೆಯ ಮೇಲೆ ನಾಲ್ವರು ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವ ರೀತಿ, ಇವನ್ನು ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನಿಲ್ಲಿಸಿ ಮತ್ತೆ ಹುಟ್ಟಿಸಲು ಆಗುವುದಿಲ್ಲ. ವೃತ್ತಿನಟರಿಗೇ ಕಷ್ಟ. ಮೊದಲ ಸಲ ಕ್ಯಾಮೆರಾ ಎದುರಿಸಿದ ರೈತರಿಂದ ಅದನ್ನು ಕೇಳುವುದು ಅನ್ಯಾಯ.

ಹಾಗಾದರೆ ಏನು ಬೇಕು? ಒಂದು ಶಾಟ್‌ಗನ್ ಮೈಕು (ಮುಖ ಮಾಡಿದ ದಿಕ್ಕಿನ ಧ್ವನಿಯನ್ನೇ ಹೆಚ್ಚು ಹಿಡಿಯುವ ಉದ್ದ ಮೈಕು), ಒಂದು ಬೂಮ್ ಕೋಲು, ಒಂದು ರೆಕಾರ್ಡರ್, ಎರಡು ಕಾಲರ್ ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಎಲ್ಲಕ್ಕಿಂತ ಮುಖ್ಯ, ಬೇರೆ ಯಾವ ಕೆಲಸವನ್ನೂ ಹಚ್ಚದ ಒಬ್ಬ ಮನುಷ್ಯ. ಮೈಕು ಚೌಕಟ್ಟಿನ ಅಂಚಿಗೆ ತಾಗುವಷ್ಟು ಹತ್ತಿರ, ಮೇಲಿನಿಂದ ನಟರ ಎದೆಯ ಕಡೆ ಮುಖ ಮಾಡಿರಲಿ. ಬಾಯಿಂದ ಎರಡು-ಮೂರು ಅಡಿ. ಆರು ಅಡಿ ದೂರದ ದುಬಾರಿ ಮೈಕಿಗಿಂತ ಎರಡು ಅಡಿಯ ಸಾಧಾರಣ ಮೈಕು ಮೇಲು.

ರೆಕಾರ್ಡರ್ 32 ಬಿಟ್ ಫ್ಲೋಟ್ ಇರುವುದನ್ನು ಆರಿಸಿ, ಜೂಮ್ ಎಫ್3 ತರಹದ್ದು. ನಾಟಕ ಕಂಪನಿಯಲ್ಲಿ ಪಳಗಿದವರು ಪಿಸುಮಾತಿನಿಂದ ಒಮ್ಮೆಲೇ ಗರ್ಜನೆಗೆ ಏರುತ್ತಾರೆ. ಮಾಮೂಲಿ ರೆಕಾರ್ಡರ್‌ನಲ್ಲಿ ಆ ಗರ್ಜನೆ ಒಡೆದು ಹೋಗುತ್ತದೆ. 32 ಬಿಟ್ ಫ್ಲೋಟ್‌ನಲ್ಲಿ ಆಮೇಲೆ ಇಳಿಸಿಕೊಳ್ಳಬಹುದು. ಮೈಕಿನಲ್ಲೇ ಅಥವಾ ವೈರ್‌ಲೆಸ್‌ನಲ್ಲೇ ಒಡೆದಿದ್ದರೆ ಅದೂ ಏನೂ ಮಾಡಲಾರದು. ಪ್ರತಿ ಟೇಕಿಗೆ ಕ್ಲ್ಯಾಪ್ ಹೊಡೆಯಿರಿ. ಪ್ರತಿ ಜಾಗದಲ್ಲೂ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷ ಆ ಜಾಗದ ಮೌನವನ್ನು ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ತೂತು ಮುಚ್ಚುವುದು ಅದೇ.

ಗಾಳಿ, ಪಂಪ್‌ಸೆಟ್, ಗಿರಣಿ, ಗುಡಿಯ ಸ್ಪೀಕರ್… ಇವಕ್ಕ ಏನು ಮಾಡೋದು?

ಗದಗ ಸುತ್ತ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಬಯಲಲ್ಲಿ ಸ್ಪಂಜಿನ ಮುಸುಕು ಸಾಲುವುದಿಲ್ಲ. ಮೈಕಿನ ಸುತ್ತ ಗಾಳಿಗೆ ಜಾಗ ಬಿಟ್ಟ ಬುಟ್ಟಿ, ಅದರ ಮೇಲೆ ತುಪ್ಪಳದ ಹೊದಿಕೆ ಎರಡೂ ಬೇಕು. ರೆಕಾರ್ಡರ್‌ನಲ್ಲಿ 80 ಹರ್ಟ್ಸ್‌ಗೆ ಲೋ ಕಟ್ ಹಾಕಿ, ಅದಕ್ಕಿಂತ ಕೆಳಗಿನ ಗುಡುಗುಡು ಸದ್ದು ತಗ್ಗುತ್ತದೆ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಗೊತ್ತಾದ ಹೊತ್ತಿಗೆ. ಆ ಊರಿನ ಹೆಸ್ಕಾಂ ಲೈನ್‌ಮನ್ ಅವರನ್ನು ಕೇಳಿದರೆ ಯಾವ ಫೀಡರಿಗೆ ಯಾವಾಗ ಎಂದು ಹೇಳುತ್ತಾರೆ. ಮಾತಿನ ದೃಶ್ಯಗಳನ್ನು ಸಿಂಗಲ್ ಫೇಸ್ ಹೊತ್ತಿಗೆ ಹೊಂದಿಸಿ. ಗಿರಣಿಯವರ ಹತ್ತಿರ, ಗುಡಿಯ ಪೂಜಾರರ ಹತ್ತಿರ ಹಿಂದಿನ ದಿನವೇ ಹೋಗಿ, ಚಹಾ ಕುಡಿದು, ಯಾವ ಹೊತ್ತಿಗೆ ಎಷ್ಟು ನಿಮಿಷ ಎಂದು ಹೇಳಿ ಕೇಳಿಕೊಳ್ಳಿ. ನಮ್ಮ ಊರುಗಳಲ್ಲಿ ಮೊದಲೇ ಕೇಳಿದರೆ ಇಲ್ಲ ಅನ್ನುವವರು ಅಪರೂಪ. ಮನೆಯೊಳಗೆ ಫ್ಯಾನ್, ಫ್ರಿಜ್ ಬಂದ್ ಮಾಡಿ. ಕಾರಿನ ಕೀಲಿಯನ್ನು ಫ್ರಿಜ್‌ನೊಳಗೆ ಇಟ್ಟರೆ ಹೊರಡುವಾಗ ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ. ದೀಪಕ್ಕೆ ಜನರೇಟರ್ ಬೇಡ, 60 ವಾಟ್‌ನ ಎಲ್‌ಇಡಿ ಲೈಟು ಮನೆಯ ಇನ್ವರ್ಟರ್‌ನಲ್ಲೇ ಉರಿಯುತ್ತದೆ.

ಹಾರ್ಡ್ ಡಿಸ್ಕ್ ಎಷ್ಟು ಬೇಕಾಕ್ಕಾವು?

ಲೆಕ್ಕ ಹಾಕಿ. ಸೋನಿಯ ಎಕ್ಸ್‌ಎವಿಸಿ ಎಸ್-ಐ ಎಂಬ ಬಗೆಯ ಫೈಲು, 4ಕೆ, 24 ಫ್ರೇಮ್: ಸೆಕೆಂಡಿಗೆ 240 ಮೆಗಾಬಿಟ್, ಅಂದರೆ ತಾಸಿಗೆ 108 ಜಿಬಿ. 90 ನಿಮಿಷದ ಸಿನಿಮಾಕ್ಕೆ ಹತ್ತು ಪಟ್ಟು ತೆಗೆದರೆ 15 ತಾಸು, ಸುಮಾರು 1.6 ಟಿಬಿ. ಮೂರು ಪ್ರತಿಗೆ 5 ಟಿಬಿ. ಪಾಕೆಟ್ 4ಕೆಯಲ್ಲಿ ಬ್ಲ್ಯಾಕ್‌ಮ್ಯಾಜಿಕ್ ರಾ 8:1 (ಸುಮಾರು ಎಂಟನೇ ಒಂದು ಪಾಲಿಗೆ ಒತ್ತಿದ್ದು) ಇಟ್ಟರೆ ತಾಸಿಗೆ ಸುಮಾರು 145 ಜಿಬಿ ಹಿಡಿಯಿರಿ.

ಮೂರು ಪ್ರತಿ ದುಂದು ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಹಾರ್ಡ್ ಡಿಸ್ಕ್ ಮೇಜಿನಿಂದ ಒಮ್ಮೆ ಬಿದ್ದರೆ ಸಾಕು. ಎರಡು ಪ್ರತಿ ತಂಡದ ಹತ್ತಿರ, ಒಂದು ಬೇರೆ ಮನೆಯಲ್ಲಿ. ಸಂಜೆ ನಕಲು ಮಾಡುವಾಗ ಮೌಸಿನಿಂದ ಎಳೆದು ಹಾಕುವುದು ಬೇಡ. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿ ಕ್ಲೋನ್ ಟೂಲ್ ಇದೆ, ಫೈಲು ಸರಿಯಾಗಿ ಇಳಿಯಿತೋ ಇಲ್ಲವೋ ತಾಳೆ ನೋಡುತ್ತದೆ. ಎರಡು ಪ್ರತಿ ತಾಳೆಯಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ, ನಿರ್ದೇಶಕರೇ ಹೇಳಿದರೂ.

ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್? ಉಚಿತ ರಿಸಾಲ್ವ್ ಸಾಕೇ?

ಬಹುಪಾಲು ಸಾಕು. ಎಡಿಟಿಂಗ್, ಗ್ರೇಡಿಂಗ್, ಫೇರ್‌ಲೈಟ್‌ನಲ್ಲಿ ಧ್ವನಿ, ಫ್ಯೂಶನ್‌ನಲ್ಲಿ ವಿಎಫ್‌ಎಕ್ಸ್, ಎಲ್ಲ ಒಂದೇ ಸೂರಿನಡಿ. ಉಚಿತ ಆವೃತ್ತಿ 3840×2160ರವರೆಗೆ ಹೊರತರುತ್ತದೆ. ಚಿತ್ರದ ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಇಲ್ಲ. ವಿಂಡೋಸ್‌ನಲ್ಲಿ ಕೆಲವು ಕ್ಯಾಮೆರಾಗಳ 10 ಬಿಟ್ 4:2:2 ಫೈಲುಗಳನ್ನು ತೆರೆಯಲು ತಕರಾರು ಮಾಡುತ್ತದೆ. ನಿಮ್ಮ ಕ್ಯಾಮೆರಾದ ಒಂದು ಫೈಲನ್ನು ಚಿತ್ರೀಕರಣಕ್ಕೆ ಮುಂಚೆಯೇ ತೆರೆದು ನೋಡಿ. ಸ್ಟುಡಿಯೋ ಆವೃತ್ತಿಯ ಪಟ್ಟಿ ಬೆಲೆ 295 ಡಾಲರ್, ಒಂದೇ ಸಲ. ತಿಂಗಳ ಬಾಡಿಗೆ ಇಲ್ಲ. ಪ್ರೀಮಿಯರ್ ಚೆನ್ನಾಗಿಯೇ ಇದೆ, ಆದರೆ ಬಾಡಿಗೆ ಕಟ್ಟುವುದು ನಿಂತರೆ ಬಾಗಿಲು ಮುಚ್ಚುತ್ತದೆ, ವರ್ಷಗಟ್ಟಲೆ ಎಳೆಯುವ ಸ್ವತಂತ್ರ ಸಿನಿಮಾಕ್ಕೆ ಅದು ಹೊರೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಬೇಡಿ, ಉಚಿತವಾದದ್ದು ಇಷ್ಟು ಒಳ್ಳೆಯದಿರುವಾಗ ಅದರ ಅಗತ್ಯವೇ ಇಲ್ಲ.

ಲ್ಯಾಪ್‌ಟಾಪ್ ಹ್ಯಾಂಗ್ ಆಗತೈತ್ರಿ.

ಪ್ರಾಕ್ಸಿ ಮಾಡಿಕೊಳ್ಳಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗ್ಗೆ ಎಲ್ಲ ಫೈಲುಗಳ ಹಗುರ ಪ್ರತಿ ಸಿದ್ಧ. 1080ರ ಪ್ರೊರೆಸ್ ಪ್ರಾಕ್ಸಿ ತಾಸಿಗೆ ಸುಮಾರು 16 ಜಿಬಿ ಅಷ್ಟೆ. ಎಡಿಟ್ ಅದರಲ್ಲಿ, ಗ್ರೇಡಿಂಗ್ ಮಾತ್ರ ಮೂಲದಲ್ಲಿ. ರ್‍ಯಾಮ್ 16 ಜಿಬಿಗಿಂತ ಕಡಿಮೆ ಇದ್ದರೆ ಮೊದಲು ಅದನ್ನು ಏರಿಸಿ.

ಗ್ರೇಡಿಂಗ್ ಮನೆಯಲ್ಲೇ ಮಾಡಬಹುದೇ?

ಮಾಡಬಹುದು, ಪರದೆ ಸುಳ್ಳು ಹೇಳದಿದ್ದರೆ. ಟಿವಿಯ ವಿವಿಡ್ ಮೋಡ್‌ನಲ್ಲಿ ನೋಡಿ ಬಣ್ಣ ಕೂಡಿಸಿದರೆ ಚಿತ್ರಮಂದಿರದಲ್ಲಿ ಎಲ್ಲ ಸಪ್ಪೆ. ಬಣ್ಣ ಅಳೆದು ಸರಿಪಡಿಸಿದ (ಕ್ಯಾಲಿಬ್ರೇಟ್ ಮಾಡಿದ) ಪರದೆ, ರೆಕ್ 709 (ಎಚ್‌ಡಿ ವಿಡಿಯೋದ ಬಣ್ಣದ ಮಾನದಂಡ), ಕತ್ತಲ ಕೋಣೆ, ಇಷ್ಟು ಬೇಕು. ನನ್ನ ಅಭಿಪ್ರಾಯ: ಹಳ್ಳಿ ಎಂದರೆ ಹಳದಿ ಬಳಿಯುವ ಚಾಳಿ ಬಿಡಿ. ಶಿಗ್ಗಾಂವಿಯ ಬಿಸಿಲಿಗೆ ತನ್ನದೇ ಬಿಳುಪಿದೆ, ಎರೆ ಮಣ್ಣಿಗೆ ತನ್ನದೇ ನೀಲಿಗಪ್ಪಿದೆ, ಕಪ್ಪು ಮೈಬಣ್ಣ ಕಪ್ಪಾಗಿಯೇ ಚೆಂದ. ಅದನ್ನು ತಿಳಿಯಾಗಿಸಲು ಹೋಗಬೇಡಿ.

ಟೈಟಲ್‌ನ್ಯಾಗ ಒತ್ತಕ್ಷರ ಒಡದು ಬರ್ತಾವು!

ನುಡಿ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ್ದನ್ನು ನೇರ ತಂದರೆ ಕಸವೇ ಬರುವುದು, ಯೂನಿಕೋಡ್‌ಗೆ ಬದಲಿಸಿ. ಆಮೇಲೂ ಒಡೆದರೆ ಆ ಟೈಟಲ್ ಸಾಧನ ಕನ್ನಡವನ್ನು ಸರಿಯಾಗಿ ಕೂಡಿಸುತ್ತಿಲ್ಲ ಎಂದರ್ಥ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಟೈಟಲ್ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತನ್ನಿ. ಸಬ್‌ಟೈಟಲ್ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಹೆಸರುಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ತಿದ್ದಲಿ. ಬಿಡುವಿಲ್ಲದೆ ದುಡಿದವರ ಹೆಸರು ತೆರೆಯ ಮೇಲೆ ತಪ್ಪಾಗಿ ಬರಬಾರದು.

ಯಾವ್ಯಾವುದಕ್ಕೆ ಪರವಾನಗಿ ಬೇಕು?

ಲಕ್ಕುಂಡಿಯ ಕಾಶಿವಿಶ್ವೇಶ್ವರ, ಗದಗದ ತ್ರಿಕೂಟೇಶ್ವರ, ಉಣಕಲ್ಲಿನ ಚಂದ್ರಮೌಳೇಶ್ವರ, ಹಾನಗಲ್ಲಿನ ತಾರಕೇಶ್ವರ, ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ; ಚಿತ್ರೀಕರಣಕ್ಕೆ ಲೈಸೆನ್ಸ್ ಬೇಕು. ವೃತ್ತ ಕಚೇರಿ ಧಾರವಾಡದಲ್ಲೇ ಇದೆ, ಅಲ್ಲಿಂದ ಶುರು ಮಾಡಿ. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಮೇಲೆ ಎಲ್ಲರಿಗೂ ಕಣ್ಣು, ಅದಕ್ಕೆ ನೈಋತ್ಯ ರೈಲ್ವೆಯ ಅನುಮತಿ. ಪ್ರಧಾನ ಕಚೇರಿ ಹುಬ್ಬಳ್ಳಿಯದೇ. ಕಪ್ಪತಗುಡ್ಡ ವನ್ಯಜೀವಿಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಸುತ್ತಮುತ್ತ ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಡ್ರೋನ್ ಏರಿಸಬೇಡಿ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಎತ್ತು, ಕುದುರೆ, ನಾಯಿಯನ್ನು ಪಾತ್ರವಾಗಿ ಬಳಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ಪಡೆಯಬೇಕು. ಸೆನ್ಸಾರ್‌ನಲ್ಲಿ ಆ ಪತ್ರ ಕೇಳುತ್ತಾರೆ. ನಮ್ಮ ಕಡೆ ಎತ್ತಿಲ್ಲದ ಕಥೆ ಕಡಿಮೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಥಿಯೇಟರ್‌ಗೆ ಹಾಕಲು ಏನು ಕೊಡಬೇಕು?

ಡಿಸಿಪಿ, ಅಂದರೆ ಚಿತ್ರಮಂದಿರದ ಪ್ರೊಜೆಕ್ಟರ್‌ಗೆ ಕೊಡುವ ಡಿಜಿಟಲ್ ಪ್ರತಿ. ಉಚಿತವಾದ ಡಿಸಿಪಿ-ಓ-ಮ್ಯಾಟಿಕ್‌ನಲ್ಲಿ ನೀವೇ ಮಾಡಬಹುದು. ಚೌಕಟ್ಟು ಫ್ಲ್ಯಾಟ್ ಆದರೆ 1998×1080, ಹೆಚ್ಚು ಅಗಲದ ಸ್ಕೋಪ್ ಆದರೆ 2048×858, 24 ಫ್ರೇಮ್, ಧ್ವನಿ 48 ಕಿಲೋಹರ್ಟ್ಸ್, 24 ಬಿಟ್. ಸೆಕೆಂಡಿಗೆ 250 ಮೆಗಾಬಿಟ್ ಗರಿಷ್ಠ ಮಿತಿ. 150ರಲ್ಲಿ ಮಾಡಿದರೂ 100 ನಿಮಿಷದ ಚಿತ್ರ ಸುಮಾರು 112 ಜಿಬಿ ಆಗುತ್ತದೆ. ವಾಣಿಜ್ಯ ಬಿಡುಗಡೆಗೆ ಚಿತ್ರಮಂದಿರಗಳಿಗೆ ಡಿಜಿಟಲ್ ಪ್ರತಿ ತಲುಪಿಸುವ ಕ್ಯೂಬ್, ಯುಎಫ್‌ಒದಂಥ ಕಂಪನಿಗಳ ಮೂಲಕ ಹೋಗಬೇಕಾಗುತ್ತದೆ, ಅವರಿಗೆ ಬೇಕಾದ ಮಾಸ್ಟರ್ ಯಾವುದೆಂದು ಮೊದಲೇ ಕೇಳಿ. ಬೆಳಗಿನ ಆಟಕ್ಕೆ ಮುಂಚೆ ಒಂದು ತಾಸು ಪರದೆ ಕೊಡುವ ಮ್ಯಾನೇಜರ್‌ಗಳಿದ್ದಾರೆ. ಹೋಗಿ ಕೊನೆಯ ಸಾಲಿನಲ್ಲಿ ಕೂತು ಮಾತು ಕೇಳಿಸುತ್ತದೆಯೇ ನೋಡಿ. ಹೆಡ್‌ಫೋನ್‌ನಲ್ಲಿ ಮಿಕ್ಸ್ ಮಾಡಿದ ಸಿನಿಮಾಗಳಲ್ಲಿ ಸಂಗೀತ ಮಾತನ್ನು ನುಂಗಿರುವುದು ಗೊತ್ತಾಗುವುದು ಅಲ್ಲೇ.

ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿ. 2023ರ ತಿದ್ದುಪಡಿಯ ನಂತರ ಯು/ಎ ದರ್ಜೆ 7, 13, 16 ವರ್ಷ ಎಂದು ಮೂರಾಗಿದೆ. ಯೂಟ್ಯೂಬ್‌ಗೆ ಮಾತ್ರ ಹಾಕುವುದಾದರೆ ಈ ಪತ್ರ ಬೇಡ.

ಸಿನಿಮಾ ಮುಗಿದ ಮ್ಯಾಲೆ ಫೂಟೇಜ್ ಅಳಿಸಬಹುದೇನ್ರಿ?

ಚಿತ್ರದ ಫೂಟೇಜಿನಲ್ಲಿ ಬಳಸದ ಟೇಕುಗಳನ್ನು ಬೇಕಾದರೆ ಅಳಿಸಿ, ಜಾಗ ಉಳಿಯುತ್ತದೆ. ಧ್ವನಿಯ ಮೂಲ ಫೈಲು ಒಂದನ್ನೂ ಅಳಿಸಬೇಡಿ. ಇಡೀ ಸಿನಿಮಾದ ಧ್ವನಿ ಒಂದು ಸಣ್ಣ ಡಿಸ್ಕಿನಲ್ಲಿ ಹಿಡಿಯುತ್ತದೆ. ಕಡತದ ಹೆಸರಿನಲ್ಲಿ ಊರು, ತಾರೀಕು, ಮಾತಾಡಿದವರ ಹೆಸರು ಬರೆಯಿರಿ. ವರ್ಷಕ್ಕೊಮ್ಮೆ ಡಿಸ್ಕನ್ನು ಹಚ್ಚಿ ಎಲ್ಲ ತೆರೆಯುತ್ತಿದೆಯೇ ನೋಡಿ, ಐದಾರು ವರ್ಷಕ್ಕೆ ಹೊಸ ಡಿಸ್ಕಿಗೆ ಸಾಗಿಸಿ. ನಟಿಸಿದ ಹಿರಿಯರ ಮನೆಯವರು ಕೇಳಿದರೆ ಅವರ ಮಾತಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಿ.